ಎಂಎಸ್‌ಗೆ ಸ್ಟೆಮ್ ಸೆಲ್ ಕಸಿ ಆಯ್ತು, ಮನೆಗೂ ಬಂದಾಯ್ತು: ಇನ್ನು ದಿನ ಕಳೆಯೋದು ಹೇಗೆ?

ಎಂಎಸ್ ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ನಮ್ಮದೇ ರೋಗನಿರೋಧಕ ಶಕ್ತಿ ಮೆದುಳು, ಬೆನ್ನುಹುರಿಯ ನರಗಳ ಮೇಲೆ ಬೀಳುವ ಕಾಯಿಲೆ. ಅದಕ್ಕೆ ಕಸಿ ಮಾಡಿ ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ನನ್ನ ಕೈಗೆ ಹದಿನಾಲ್ಕು ಪುಟದ ಡಿಸ್ಚಾರ್ಜ್ ಸಮರಿ ಕೊಟ್ಟರು. ಯಾವ ದಿನ ಬಿಳಿ ರಕ್ತಕಣ ಎಷ್ಟಿತ್ತು ಅನ್ನೋದೆಲ್ಲ ಅದರಲ್ಲಿ ಸಾಲು ಸಾಲಾಗಿ ಇತ್ತು. ಆದರೆ ತುಳಸಿ ಕಟ್ಟೆಗೆ ನೀರು ಹಾಕಬಹುದಾ, ದೇವಸ್ಥಾನದ ತೀರ್ಥ ತೆಗೆದುಕೊಳ್ಳಬಹುದಾ, ಅತ್ತೆ ಹೆಪ್ಪು ಹಾಕಿದ ಮೊಸರು ತಿನ್ನಬಹುದಾ, ಮೈಸೂರಿನ ಏಪ್ರಿಲ್ ಬಿಸಿಲಿಗೆ ಕಾಲು ಮತ್ತೆ ಜೋಮು ಹಿಡಿದರೆ ಗಾಬರಿ ಆಗಬೇಕಾ ಬೇಡವಾ, ಇದ್ಯಾವುದೂ ಇರಲಿಲ್ಲ. ಕೇಳೋಣ ಅಂದರೆ ರೌಂಡ್ಸಿಗೆ ಬರುವ ಡಾಕ್ಟರ್ ಒಂದು ಕಾಲು ಬಾಗಿಲ ಹೊರಗೇ ಇಟ್ಟು ಮಾತಾಡುತ್ತಿದ್ದರು. ಮನೆಗೆ ಬಂದು ಒಂದೊಂದನ್ನೇ ಎಡವಿ ಎಡವಿ ಕಲಿತೆ. ನೀವು ಅಷ್ಟು ಎಡವೋದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಮಂಡ್ಯ ಕಡೆಯ ಹಳ್ಳಿಯವಳು, ಮದುವೆ ಆದಮೇಲೆ ಮೈಸೂರಿನ ಕುವೆಂಪುನಗರ. ಕಸಿ ಆಗಿ ಮೂರು ವರ್ಷ ಆಯಿತು. ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ನಾನು ಬರೆದಿದ್ದಕ್ಕೂ ನಿಮ್ಮ ಡಾಕ್ಟರ್ ಹೇಳಿದ್ದಕ್ಕೂ ತಾಳೆ ಆಗದಿದ್ದರೆ ಅವರ ಮಾತೇ ಕೇಳಿ. ಒಬ್ಬೊಬ್ಬರಿಗೆ ಕೊಡುವ ಕೀಮೋ ಒಂದೊಂದು ಥರ, ಹಾಗಾಗಿ ಪಥ್ಯವೂ ಮಾತ್ರೆಯೂ ಒಂದೇ ಥರ ಇರೋದಿಲ್ಲ.

ಮೊದಲು ಆಗಿದ್ದೇನು ಅಂತ ತಿಳಿದುಕೊಳ್ಳಿ

ನಮ್ಮ ದೊಡ್ಡಪ್ಪ ಕೇಳಿದ್ದರು, "ಕಸಿ ಅಂದ್ರೆ ಮಾವಿನ ಗಿಡಕ್ಕೆ ಕಟ್ತಾರಲ್ಲ, ಅದೇನವ್ವಾ?" ಅಂತ. ಹೆಸರು ಅದೇ, ಕೆಲಸ ಬೇರೆ. ನಾನು ಅವರಿಗೆ ಗದ್ದೆಯ ಲೆಕ್ಕದಲ್ಲಿ ಹೇಳಿದೆ. ನಮ್ಮದೇ ಪೈರಿನ ಬಿತ್ತನೆ ಬೀಜ ಮೊದಲೇ ತೆಗೆದಿಟ್ಟು, ಆಮೇಲೆ ಕಳೆ ತುಂಬಿದ ಗದ್ದೆಯನ್ನು ಪೂರ್ತಿ ಉತ್ತು ಹಸನು ಮಾಡಿ, ಅದೇ ಬೀಜ ಮತ್ತೆ ಬಿತ್ತಿದ ಹಾಗೆ. ಬೀಜ ಅಂದರೆ ನಮ್ಮ ರಕ್ತದಿಂದಲೇ ಸೋಸಿ ತೆಗೆದ ಸ್ಟೆಮ್ ಸೆಲ್. ಉಳುಮೆ ಅಂದರೆ ಕೀಮೋ ಮತ್ತು ಎಟಿಜಿ ಅನ್ನೋ ಔಷಧಿ. ನಮ್ಮದೇ ನರಗಳ ಮೈಲಿನ್ ಹೊದಿಕೆಯನ್ನು ಕಿತ್ತು ತಿನ್ನುತ್ತಿದ್ದ ರೋಗನಿರೋಧಕ ಕಣಗಳನ್ನು ಅಳಿಸಿ ಹಾಕೋದು ಈ ಉಳುಮೆ. ನಿಜವಾದ ಚಿಕಿತ್ಸೆ ಅದೇ. ಆಮೇಲೆ ಒಳಗೆ ಬಿಡುವ ಸ್ಟೆಮ್ ಸೆಲ್ ಹೊಸ ರಕ್ತಕಣ ಬೇಗ ಹುಟ್ಟಲಿ ಅಂತ ಅಷ್ಟೇ. ಹತ್ತರಿಂದ ಹದಿನಾಲ್ಕು ದಿನಕ್ಕೆ ಅವು ಚಿಗುರುತ್ತವೆ.

ಇದನ್ನು ಇಷ್ಟು ಎಳೆದು ಹೇಳುತ್ತಿರುವುದಕ್ಕೆ ಕಾರಣ ಇದೆ. ಸ್ಟೆಮ್ ಸೆಲ್ ಹಾಕಿದರೆ ಸತ್ತ ನರ ಮತ್ತೆ ಬೆಳೆಯುತ್ತದೆ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ, ಹಾಗೆ ಹೇಳಿ ದುಡ್ಡು ಕೀಳುವವರೂ ಇದ್ದಾರೆ. ಬೆಳೆಯೋದಿಲ್ಲ. ಕಸಿ ಮಾಡುವುದು ಬೆಂಕಿ ಆರಿಸುವ ಕೆಲಸ. ಉರಿಯೂತ ಇಳಿದಮೇಲೆ ಕೆಲವರಿಗೆ ಕೈಕಾಲಿನ ಕಸುವು ಸ್ವಲ್ಪ ವಾಪಸ್ ಬರುತ್ತದೆ, ಹಳೆಯ ಗಾಯ ಮಾತ್ರ ಹಾಗೇ ಉಳಿಯುತ್ತದೆ. ಇದು ಗೊತ್ತಿಲ್ಲದೆ ಮನೆಗೆ ಬಂದರೆ ಮೂರನೇ ತಿಂಗಳಿಗೇ ಮನಸ್ಸು ಕುಸಿಯುತ್ತದೆ.

ಅಂಕಿ ಅಂಶ ಬೇಕು ಅನ್ನುವವರಿಗೆ ಎರಡು ಹೇಳುತ್ತೇನೆ. 2019ರಲ್ಲಿ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮಿಸ್ಟ್ ಅಧ್ಯಯನದಲ್ಲಿ 110 ಜನ ಇದ್ದರು, ಎಲ್ಲರೂ ಬಂದು ಬಂದು ಹೋಗುವ ಥರದ ಎಂಎಸ್‌ನವರು. ಅರ್ಧ ಜನಕ್ಕೆ ಕಸಿ, ಅರ್ಧ ಜನಕ್ಕೆ ಮಾಮೂಲಿ ಎಂಎಸ್ ಔಷಧಿ. ಕಸಿಯ ಕಡೆ 3 ಜನಕ್ಕೆ ಕಾಯಿಲೆ ಮುಂದುವರಿಯಿತು, ಔಷಧಿಯ ಕಡೆ 34 ಜನಕ್ಕೆ. ಯಾರೂ ಸಾಯಲಿಲ್ಲ, ಕಸಿ ಆದವರ ಜೀವನದ ಗುಣಮಟ್ಟದ ಅಂಕವೂ ಮೇಲಾಗಿತ್ತು. ಆದರೆ ಆ ಔಷಧಿಗಳ ಪಟ್ಟಿಯಲ್ಲಿ ಓಕ್ರೆಲಿಜುಮ್ಯಾಬ್ ಅನ್ನೋ ಹೊಸ, ಜೋರಾದ ಔಷಧಿ ಇರಲಿಲ್ಲ, ಅದನ್ನೂ ನೆನಪಿಡಿ. ಇನ್ನೊಂದು, 1995ರಿಂದ 2006ರ ನಡುವೆ ಕಸಿ ಮಾಡಿಸಿಕೊಂಡ 281 ಜನರ ಹಳೆಯ ಲೆಕ್ಕ. ಅವರಲ್ಲಿ ಬಹಳ ಜನಕ್ಕೆ ಕಾಯಿಲೆ ಆಗಲೇ ತುಂಬಾ ಮುಂದೆ ಹೋಗಿತ್ತು. ಮೊದಲ ನೂರು ದಿನದಲ್ಲಿ 8 ಜನ ಕಸಿಯಿಂದಲೇ ತೀರಿಕೊಂಡರು. ಐದು ವರ್ಷ ಆದಮೇಲೂ ಕಾಯಿಲೆ ಮುಂದುವರಿಯದೆ ಇದ್ದವರು ನೂರಕ್ಕೆ 46. ಯಾರಿಗೆ, ಯಾವ ಹಂತದಲ್ಲಿ ಮಾಡುತ್ತಾರೆ ಅನ್ನುವುದರ ಮೇಲೆ ಎಷ್ಟೊಂದು ನಿಂತಿದೆ ನೋಡಿ. ಹಾಗಾಗಿ "ಅವರಿಗೆ ಹಂಗಾಯ್ತಂತೆ, ಇವರಿಗೆ ಹಿಂಗಾಯ್ತಂತೆ" ಅನ್ನೋ ಮಾತಿಗೆ ಕಿವಿ ಕೊಡಬೇಡಿ.

ಒಂದು ನೋಟ್ ಪುಸ್ತಕ, ಮೂರು ಆಸೆ

ನರರೋಗದ ಡಾಕ್ಟರ್ ನಿಮಗೆ ಇಡಿಎಸ್‌ಎಸ್ ಅಂತ ಒಂದು ಅಂಕ ಕೊಡುತ್ತಾರೆ, ಸೊನ್ನೆಯಿಂದ ಹತ್ತರವರೆಗೆ, ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು ಅಂತ. ಅದರಲ್ಲಿ, ಅದೂ ಮೇಲಿನ ಅಂಕಗಳಲ್ಲಿ, ನಡಿಗೆಗೇ ಜಾಸ್ತಿ ಬೆಲೆ. ಸುಸ್ತಿಗೆ, ಮರೆವಿಗೆ, ಭಯಕ್ಕೆ ಅಲ್ಲಿ ಅಷ್ಟು ಜಾಗ ಇಲ್ಲ. ಕಸಿ ಆಗಿ ಒಂದು ವರ್ಷ ನನ್ನ ಅಂಕ ಒಂಚೂರೂ ಅಲ್ಲಾಡಲಿಲ್ಲ, ಆದರೆ ಬದುಕು ಪೂರ್ತಿ ಬದಲಾಗಿತ್ತು. ಇದನ್ನು ನಾನು ಹೇಗೆ ಕಂಡುಕೊಂಡೆ ಅಂದರೆ, ಮನೆಗೆ ಬಂದ ವಾರವೇ ಒಂದು ನಲವತ್ತು ಪುಟದ ನೋಟ್ ಪುಸ್ತಕ ತರಿಸಿ ಮೊದಲ ಪುಟದಲ್ಲಿ ನನಗೆ ವಾಪಸ್ ಬೇಕಾದ ಮೂರೇ ಮೂರು ಸಂಗತಿ ಬರೆದಿದ್ದೆ. ಒಂದು, ಮನೆಯವರೆಲ್ಲರಿಗೂ ನಾನೇ ಮುದ್ದೆ ತಿರುವಬೇಕು. ಎರಡು, ಸಂಜೆ ಏಳರ ಮೇಲೆ ಮಗಳ ಹೋಂವರ್ಕಿಗೆ ಕೂತರೆ ತಲೆ ಮಬ್ಬಾಗಬಾರದು. ಮೂರು, ಮಂಡ್ಯಕ್ಕೆ ಅಮ್ಮನ ಮನೆಗೆ ಒಬ್ಬಳೇ ಹೋಗಿ ಬರಬೇಕು.

ನೀವೂ ಬರೆಯಿರಿ. "ಆರಾಮಾಗಬೇಕು" ಅಂತ ಬರೆಯಬೇಡಿ, ಅದನ್ನು ಅಳೆಯೋಕೆ ಆಗಲ್ಲ. ಕೈಯಲ್ಲಿ ಮಾಡಿ ತೋರಿಸುವಂಥದ್ದು ಬರೆಯಿರಿ. ತಿಂಗಳಿಗೊಮ್ಮೆ ಅದರ ಕೆಳಗೆ ಒಂದೊಂದು ಸಾಲು. ದಿನಾ ಬರೆಯಲು ಹೋಗಬೇಡಿ. ದಿನಾ ನೋಡಿದರೆ ಕಾಯಿಲೆಯೇ ಕಾಣುತ್ತದೆ, ತಿಂಗಳಿಗೊಮ್ಮೆ ನೋಡಿದರೆ ಬದಲಾವಣೆ ಕಾಣುತ್ತದೆ.

ಮೊದಲ ನೂರು ದಿನ: ಜ್ವರ, ಮನೆ, ಊಟ

ಜ್ವರದ ವಿಷಯ ಮೊದಲು, ಯಾಕಂದರೆ ಇದರಲ್ಲಿ ನಾನು ತಪ್ಪು ಮಾಡಿದ್ದೇನೆ. ಎರಡನೇ ತಿಂಗಳು, ರಾತ್ರಿ ಹನ್ನೊಂದು ಗಂಟೆ, ಮೈ ಬಿಸಿ. 100.6 ಇತ್ತು. ಎಲ್ಲರ ನಿದ್ದೆ ಯಾಕೆ ಕೆಡಿಸೋದು ಅಂತ ಸುಮ್ನೆ ಒಂದು ಪ್ಯಾರಾಸಿಟಮಾಲ್ ನುಂಗಿ ಮಲಗಿದೆ. ಜ್ವರ ಇಳಿಯಿತು. ಬೆಳಗ್ಗೆ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಹೋದರೆ ಅಲ್ಲಿದ್ದ ಹುಡುಗ ಡಾಕ್ಟರ್, ಕಸಿ ಅಂದಿದ್ದನ್ನು ಕಿವಿಗೇ ಹಾಕಿಕೊಳ್ಳದೆ, ವೈರಲ್ ಅಂತ ಬರೆದು ಕಳಿಸಿದರು. ಸಂಜೆಗೆ ನಡುಕ. ಮೂತ್ರದ ಸೋಂಕು ರಕ್ತಕ್ಕೆ ಏರಿತ್ತು, ಆರು ದಿನ ಆಸ್ಪತ್ರೆ.

ಆದ್ದರಿಂದ 100.4 ಡಿಗ್ರಿ, ಸೆಲ್ಸಿಯಸ್‌ನಲ್ಲಿ 38, ಮುಟ್ಟಿತು ಅಂದರೆ ಗಂಟೆ ಎಷ್ಟೇ ಆಗಿರಲಿ ಕಸಿ ಮಾಡಿದ ತಂಡಕ್ಕೆ ಫೋನ್ ಮಾಡಿ. ಫೋನ್ ಮಾಡುವ ಮೊದಲು ಪ್ಯಾರಾಸಿಟಮಾಲ್ ನುಂಗಬೇಡಿ, ಅದು ಜ್ವರ ಮುಚ್ಚಿಡುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಕಸಿ ಬೆಂಗಳೂರಿನಲ್ಲಿ ಆಗಿದ್ದರೆ ಮೈಸೂರಿನಲ್ಲೋ ಮಂಡ್ಯದಲ್ಲೋ ಮೊದಲು ಯಾವ ಆಸ್ಪತ್ರೆಗೆ ಓಡಬೇಕು ಅಂತ ಡಿಸ್ಚಾರ್ಜ್ ದಿನವೇ ಕೇಳಿ ಬರೆಸಿಕೊಳ್ಳಿ. ಒಂದು ಪುಟದ ಚೀಟಿ ಮಾಡಿ ಲ್ಯಾಮಿನೇಷನ್ ಮಾಡಿಸಿ ಪರ್ಸಿನಲ್ಲಿಡಿ. ಯಾವ ದಿನ ಯಾವ ಕಸಿ ಆಯಿತು, ಏನೇನು ಮಾತ್ರೆ ನಡೆಯುತ್ತಿದೆ, ಯಾವುದು ಆಗಿಬರಲ್ಲ, ತಂಡದ ನಂಬರ್ ಯಾವುದು, ಇಷ್ಟು ಇರಲಿ. ರಕ್ತ ಕೊಡಬೇಕಾಗಿ ಬಂದರೆ ಇರೇಡಿಯೇಟ್ ಮಾಡಿದ, ಅಂದರೆ ವಿಕಿರಣ ಹಾಯಿಸಿದ ರಕ್ತವೇ ಬೇಕು ಅನ್ನೋದನ್ನು ಮಾತ್ರ ಮರೆಯದೆ ದಪ್ಪ ಅಕ್ಷರದಲ್ಲಿ ಬರೆಸಿ. ಎಮರ್ಜೆನ್ಸಿಯಲ್ಲಿ ನಮ್ಮ ಬಾಯಿಮಾತಿಗಿಂತ ಆ ಚೀಟಿಗೆ ಬೆಲೆ ಜಾಸ್ತಿ.

ಮನೆಯಲ್ಲಿ ಹೆದರಬೇಕಾದ್ದು ಬೂಷ್ಟಿಗೆ, ಅಂದರೆ ಫಂಗಸ್‌ಗೆ. ಕುಂಡದ ಮಣ್ಣು, ಗೊಬ್ಬರದ ತಿಪ್ಪೆ, ಹುಲ್ಲಿನ ಮೆದೆ, ಕೊಟ್ಟಿಗೆ, ಗೋಡೆ ಒಡೆಯುವ ಧೂಳು, ಇವೆಲ್ಲ ಅದರ ಮನೆಗಳು. ತುಳಸಿಗೆ ಬೇರೆಯವರು ನೀರು ಹಾಕಲಿ, ನೀವು ದೂರದಿಂದ ಕೈ ಮುಗಿಯಿರಿ. ಮಲಗುವ ಕೋಣೆಯಲ್ಲಿ ಹೂವಿನ ನೀರು, ಕುಂಡ ಬೇಡ. ಮಲ್ಲಿಗೆ ದೇವರ ಕೋಣೆಯಲ್ಲೇ ಇರಲಿ, ತಲೆಗೆ ಮುಡಿಯೋಕೆ ಕೂದಲೂ ಇರೋದಿಲ್ಲ ಬಿಡಿ. ಕೂದಲು ಮೂರರಿಂದ ಆರು ತಿಂಗಳಲ್ಲಿ ಬರುತ್ತದೆ, ನನಗಂತೂ ಮೊದಲು ಇಲ್ಲದ ಗುಂಗುರು ಬಂತು. ಮನೆ ರಿಪೇರಿ, ಬಣ್ಣ ಏನಿದ್ದರೂ ಕಸಿಗೆ ಮುಂಚೆ ಮುಗಿಸಿ, ಇಲ್ಲ ಒಂದು ವರ್ಷ ಮುಂದೂಡಿ. ಹಳ್ಳಿಯವರಾದರೆ ಕೊಟ್ಟಿಗೆ ಕಸ, ಕಣದ ಕೆಲಸ ಮುಟ್ಟಲೇಬೇಡಿ. ಅಮ್ಮ ಊರಿಗೆ ಕರೆದುಕೊಂಡು ಹೋಗಿ ಬಾಣಂತಿ ಥರ ನೋಡಿಕೊಳ್ಳುತ್ತೇನೆ ಅಂತ ಹಟ ಹಿಡಿದರು. ಹಟ್ಟಿಗೆ ಅಂಟಿಕೊಂಡೇ ಇರುವ ಮನೆ ನಮ್ಮದು. ಹೋಗಲಿಲ್ಲ, ಅಮ್ಮನೇ ಬಂದರು.

ನೋಡೋಕೆ ಬರುವವರು ಇನ್ನೊಂದು ತಲೆನೋವು. ಇಡೀ ಊರೇ ಹಣ್ಣಿನ ಚೀಲ ಹಿಡಿದು ಬರುತ್ತದೆ, ಬೇಡ ಅಂದರೆ ಬೇಜಾರು. ನಮ್ಮ ಅತ್ತೆ ಗೇಟಿನ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂತರು. "ಡಾಕ್ಟ್ರು ಬೈತಾರೆ ಕಣಮ್ಮ, ಕಿಟಕೀಲೇ ಮಾತಾಡ್ಸಿ ಹೋಗಿ" ಅನ್ನುತ್ತಿದ್ದರು. ತಪ್ಪೆಲ್ಲ ಡಾಕ್ಟರ್ ಮೇಲೆ ಹಾಕಿ, ಅದು ಅವರ ಸೇವೆಯಲ್ಲೇ ಸೇರಿದೆ.

ಊಟದಲ್ಲಿ ಅತಿ ಕಟ್ಟುನಿಟ್ಟು ಮಾಡಿ ಬರೀ ಗಂಜಿ ಕುಡಿಸೋದರಿಂದ ಸೋಂಕು ಕಡಿಮೆ ಆಗುತ್ತದೆ ಅಂತೇನೂ ತೋರಿಬಂದಿಲ್ಲ. ಶುಚಿ ಮುಖ್ಯ. ಮುದ್ದೆ, ಬಿಸಿ ಬಸ್ಸಾರು, ಉಪ್ಸಾರು, ಚೆನ್ನಾಗಿ ಬೆಂದ ಮೊಟ್ಟೆ, ಕೋಳಿ, ಎಲ್ಲ ತಿನ್ನಿ, ಮಾಡಿದ ಬಿಸಿಯಲ್ಲೇ ತಿನ್ನಿ. ಬೇಡದ್ದು ಅಂದರೆ ಹಸಿ ಕೋಸಂಬರಿ, ಕಾಯಿಸದ ಹಾಲು, ರಾತ್ರಿ ಉಳಿದ ಸಾರು, ಬೀದಿಯಲ್ಲಿ ಹೆಚ್ಚಿಟ್ಟ ಹಣ್ಣು, ಐಸ್ ಹಾಕಿದ ಕಬ್ಬಿನ ಹಾಲು. ಹಣ್ಣು ಸಿಪ್ಪೆ ದಪ್ಪ ಇರುವುದು ಒಳ್ಳೆಯದು, ಬಾಳೆಹಣ್ಣು, ಕಿತ್ತಳೆ, ಮನೆಯಲ್ಲೇ ತೊಳೆದು ಸುಲಿದು. ಮೊಸರಿನ ವಿಷಯದಲ್ಲಿ ಒಂದೊಂದು ಆಸ್ಪತ್ರೆಯದು ಒಂದೊಂದು ನಿಯಮ, ಕೇಳಿಕೊಳ್ಳಿ. ತೀರ್ಥವನ್ನು ಕಣ್ಣಿಗೆ ಒತ್ತಿಕೊಂಡು ಬಿಡಿ, ಕುಡಿಯಬೇಡಿ. ದೇವರು ತಿಳಿದುಕೊಳ್ಳುತ್ತಾನೆ, ಅರ್ಚಕರಿಗೆ ನೀವೇ ಹೇಳಬೇಕು.

ಇಲ್ಲಿ ಒಂದು ಜಗಳದ ಮಾತು. ಯಾರಾದರೂ ಒಬ್ಬರು ಅಮೃತಬಳ್ಳಿ ಕಷಾಯ ಹಿಡಿದು ಬಂದೇ ಬರುತ್ತಾರೆ, ಇಮ್ಯುನಿಟಿ ಹೆಚ್ಚುತ್ತದೆ ಅಂತ. ಸ್ವಲ್ಪ ಯೋಚಿಸಿ. ನಮ್ಮ ಕಾಯಿಲೆಯೇ ಇಮ್ಯುನಿಟಿ ದಾರಿ ತಪ್ಪಿದ್ದು, ಅದನ್ನು ಅಳಿಸೋಕೇ ಅಷ್ಟು ಕಷ್ಟ ಪಟ್ಟಿದ್ದು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಕೆಡಿಸಿಕೊಂಡವರ ಬಗ್ಗೆ ನಮ್ಮ ದೇಶದ ಡಾಕ್ಟರ್‌ಗಳೇ ವರದಿ ಮಾಡಿದ್ದಾರೆ. ಪ್ರೀತಿಯಿಂದ ತಂದಿದ್ದನ್ನು ಪ್ರೀತಿಯಿಂದಲೇ ಸಿಂಕಿಗೆ ಸುರಿಯಿರಿ. ಆಸ್ಪತ್ರೆಯವರು ಕೊಟ್ಟ ಅಸೈಕ್ಲೋವಿರ್, ಕೋಟ್ರೈಮಾಕ್ಸಜೋಲ್ ಮಾತ್ರೆಗಳನ್ನು ಮಾತ್ರ ಅವರು ನಿಲ್ಲಿಸಿ ಅನ್ನುವವರೆಗೆ ಒಂದು ದಿನವೂ ಬಿಡಬೇಡಿ. ಸರ್ಪಸುತ್ತು ಬರದ ಹಾಗೆ, ಪುಪ್ಪುಸಕ್ಕೆ ಒಂದು ಕೆಟ್ಟ ಸೋಂಕು ತಗಲದ ಹಾಗೆ ಅವು ಕಾಯುತ್ತವೆ.

ಬಿಸಿ ನೀರು, ಬಿಸಿಲು, ಮತ್ತೆ ಬಂತಾ ಅನ್ನೋ ಭಯ

ಕಸಿ ಆಗಿ ಏಳನೇ ತಿಂಗಳಿಗೆ ದೀಪಾವಳಿ. ನೀರು ತುಂಬುವ ಹಬ್ಬ ಆಗಿ ಮಾರನೇ ದಿನ ನಸುಕಿಗೇ ಅತ್ತೆ ಎಬ್ಬಿಸಿ, ತಲೆಗೆ ಎಣ್ಣೆ ತಟ್ಟಿ, ಹಂಡೆಯಲ್ಲಿ ಹೊಗೆಯಾಡುವ ನೀರನ್ನು ಚೊಂಬು ಚೊಂಬಾಗಿ ಹುಯ್ದರು. ವರ್ಷ ಪೂರ್ತಿ ಕಷ್ಟಪಟ್ಟಿದ್ದಾಳೆ, ಮೈ ಹಗುರ ಆಗಲಿ ಅಂತ. ಐದೇ ನಿಮಿಷ. ಎಡಗಣ್ಣಿನ ಮುಂದೆ ಮಂಜು ಕವಿಯಿತು. ಎದ್ದು ನಿಲ್ಲೋಣ ಅಂದರೆ ಮೊಣಕಾಲು ಹತ್ತಿ ಥರ. ಬಚ್ಚಲು ಕಲ್ಲಿನ ಮೇಲೆ ಹಾಗೇ ಕೂತುಬಿಟ್ಟೆ. ಅತ್ತೆ ಹೊರಗೆ ಓಡಿ "ಅಯ್ಯೋ ಮತ್ತೆ ಬಂತು ಕಣೋ" ಅಂತ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ನಮ್ಮ ಮನೆಯವರು ಕಾರಿನ ಕೀ ಹುಡುಕಲು ಶುರು ಮಾಡಿದರು. ಫ್ಯಾನ್ ಕೆಳಗೆ ಒದ್ದೆ ಟವೆಲ್ ಹೊದ್ದು ಮಲಗಿದೆ. ಇಪ್ಪತ್ತು ನಿಮಿಷಕ್ಕೆ ಗೋಡೆಯ ಮೇಲಿನ ಕ್ಯಾಲೆಂಡರಿನ ಸಣ್ಣ ಅಕ್ಷರ ಮತ್ತೆ ಓದಲು ಬಂತು.

ಮತ್ತೆ ಬಂದಿದ್ದು ಕಾಯಿಲೆ ಅಲ್ಲ. ಮೈಲಿನ್ ಹೋದ ನರಕ್ಕೆ ಬಿಸಿ ಆಗಿಬರುವುದಿಲ್ಲ. ಮೈಯ ಶಾಖ ಅರ್ಧ ಡಿಗ್ರಿ ಏರಿದರೂ ಅದರೊಳಗೆ ಸಂದೇಶ ಹರಿಯೋದು ನಿಂತುಬಿಡುತ್ತದೆ, ತಣ್ಣಗಾದರೆ ಮತ್ತೆ ಹರಿಯುತ್ತದೆ. 1890ರಲ್ಲೇ ಊಟ್‌ಹಾಫ್ ಅನ್ನುವ ಜರ್ಮನಿಯ ಕಣ್ಣಿನ ಡಾಕ್ಟರ್ ಇದನ್ನು ಗುರುತಿಸಿದ್ದರು, ಅವರ ಹೆಸರಿನಲ್ಲೇ ಕರೆಯುತ್ತಾರೆ. ಎಂಆರ್‌ಐ ಇಲ್ಲದ ಕಾಲದಲ್ಲಿ ಅನುಮಾನ ಬಂದವರನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿಯೇ ಎಂಎಸ್ ಹೌದಾ ಅಂತ ನೋಡುತ್ತಿದ್ದರಂತೆ. ನಮ್ಮ ಅತ್ತೆ ಖರ್ಚಿಲ್ಲದೆ ಅದೇ ಪರೀಕ್ಷೆ ಮಾಡಿದ್ದರು.

ಕಸಿ ಹಳೆಯ ಗಾಯ ಅಳಿಸೋದಿಲ್ಲ ಅಂದೆನಲ್ಲ, ಹಾಗಾಗಿ ಈ ಬಿಸಿಯ ಕಾಟ ಕಸಿ ಆದಮೇಲೂ ಇರುತ್ತದೆ. ಮಾಡಬೇಕಾದ್ದು ಇಷ್ಟು. ಸ್ನಾನ ಉಗುರು ಬೆಚ್ಚಗಿನ ನೀರಲ್ಲಿ, ಬಚ್ಚಲಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್. ಮಾರ್ಚ್‌ನಿಂದ ಮೇವರೆಗೆ ಹೊರಗಿನ ಕೆಲಸ ಬೆಳಗ್ಗೆ ಒಂಬತ್ತರ ಒಳಗೆ. ಕುತ್ತಿಗೆಗೆ ಒದ್ದೆ ಟವೆಲ್, ಚೀಲದಲ್ಲಿ ತಣ್ಣೀರು. ಅಡುಗೆ ಮನೆಯಲ್ಲಿ ಸ್ಟೌವ್ ಮುಂದೆ ನಿಲ್ಲುವಾಗ ಟೇಬಲ್ ಫ್ಯಾನ್, ಒಲೆಯ ಉರಿ ಹಾರದ ಕೋನಕ್ಕೆ ತಿರುಗಿಸಿ. ಆಲೆಮನೆ ಹತ್ತಿರ ಸುಳಿಯಬೇಡಿ, ಬಿಸಿ ಬೆಲ್ಲ ಯಾರಾದರೂ ತಂದುಕೊಡಲಿ.

ಹಾಗಾದರೆ ನಿಜವಾಗಿ ಮತ್ತೆ ಬಂದರೆ ಗೊತ್ತಾಗೋದು ಹೇಗೆ? ಹೊಸ ತೊಂದರೆ, ಅಥವಾ ಹಳೆಯದೇ ಜೋರಾಗಿ, ಜ್ವರವೂ ಸೋಂಕೂ ಇಲ್ಲದೆ, ಇಪ್ಪತ್ತನಾಲ್ಕು ಗಂಟೆ ಬಿಡದೆ ಇದ್ದರೆ ಡಾಕ್ಟರಿಗೆ ತಿಳಿಸಿ. ಗಂಟೆಯೊಳಗೆ ಬಂದು ಹೋಗುವುದಾದರೆ ಮೊದಲು ಮೈ ತಣ್ಣಗೆ ಮಾಡಿ, ಜ್ವರ ನೋಡಿ. ಕಾಲು ಇದ್ದಕ್ಕಿದ್ದ ಹಾಗೆ ಭಾರ ಆದರೆ ಮೂತ್ರ ಪರೀಕ್ಷೆ ಮಾಡಿಸಿ. ಮೂತ್ರದ ಸೋಂಕು ಉರಿ, ನೋವು ಏನೂ ತೋರಿಸದೆ ಬರೀ ಕಾಲಿನ ಮೇಲೆ ತನ್ನ ಆಟ ತೋರಿಸುವುದುಂಟು.

ಸುಸ್ತು, ಮುದ್ದೆಯ ಲೆಕ್ಕದಲ್ಲಿ

ಎಂಎಸ್ ಸುಸ್ತು ಅಂದರೆ ಏನು ಅಂತ ಇಲ್ಲದವರಿಗೆ ಹೇಳೋದು ಕಷ್ಟ. ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ. ಅದರ ಮೇಲೆ ಕೀಮೋದ ಸುಸ್ತು ಸೇರಿಕೊಂಡು ಮೊದಲ ಆರು ತಿಂಗಳು ಕಸಿಗೆ ಮುಂಚಿಗಿಂತ ಹಿಂದೆ ಹೋದ ಹಾಗೇ ಅನ್ನಿಸುತ್ತದೆ. ಬಹಳ ಜನ ಹೆದರೋದು ಇಲ್ಲೇ. ನಾನೂ "ಇದಕ್ಕಾ ಅಷ್ಟು ದುಡ್ಡು ಸುರಿದಿದ್ದು" ಅಂತ ಅತ್ತಿದ್ದೇನೆ.

ನಾಲ್ಕನೇ ತಿಂಗಳಲ್ಲಿ ಮುದ್ದೆಗೆ ಕೈ ಹಾಕಿದೆ, ಬರೀ ಒಂದು ಲೋಟ ಹಿಟ್ಟಿಗೆ. ಎಸರು ಕುದಿಯಿತು, ಹಿಟ್ಟು ಬಿಟ್ಟೆ, ಪಾತ್ರೆಯನ್ನು ಕವೆಕೋಲಿನಲ್ಲಿ ಒತ್ತಿ ಹಿಡಿದು ಮುದ್ದೆಕೋಲು ತಿರುವಲು ಶುರು ಮಾಡಿದೆ. ಎಂಟೋ ಹತ್ತೋ ಸುತ್ತು. ಹಿಟ್ಟು ಬಿಗಿಯಾಗುತ್ತಾ ಬಂದ ಹಾಗೆ ಬಲಗೈ ಬೆರಳು ನನ್ನ ಮಾತು ಕೇಳೋದು ಬಿಟ್ಟವು. ಕೋಲು ಹಿಟ್ಟಿನಲ್ಲೇ ನಿಂತಿದೆ, ನಾನು ಪಕ್ಕದಲ್ಲಿ ನಿಂತಿದ್ದೇನೆ. ಅಮ್ಮ ಬಂದು ಏನೂ ಮಾತಾಡದೆ ಕೋಲು ತೆಗೆದುಕೊಂಡರು. ಪುಸ್ತಕದಲ್ಲಿ ಬರೆದೆ: "4ನೇ ತಿಂಗಳು, ಹತ್ತು ಸುತ್ತು."

ಫಿಸಿಯೋಥೆರಪಿಯವರು ಹೇಳಿಕೊಟ್ಟಿದ್ದು ಒಂದೇ ಪಾಠ, ಸುಸ್ತಾಗುವ ಮುಂಚೆ ನಿಲ್ಲಿಸಿ. ನಾವು ಹೆಂಗಸರಿಗೆ ಇದು ಬರೋದೇ ಇಲ್ಲ, ಪಾತ್ರೆ ತೊಳೆದು ಮುಗಿಸಿಯೇ ಕೂರೋಣ ಅನ್ನುತ್ತೇವೆ. ಮಧ್ಯದಲ್ಲಿ ಕೂರಿ, ಅರ್ಧ ಪಾತ್ರೆ ಹಾಗೇ ಇರಲಿ. ಭಾರದ ಕೆಲಸ ಬೆಳಗ್ಗೆಗೆ, ಎರಡು ಭಾರದ ಕೆಲಸದ ನಡುವೆ ಅರ್ಧ ಗಂಟೆ ಮಲಗೋದು, ತರಕಾರಿ ಕೂತೇ ಹೆಚ್ಚೋದು. ಹಾಗಂತ ಇಡೀ ದಿನ ಮಲಗಿದರೂ ಸುಸ್ತು ಜಾಸ್ತಿಯೇ. ನಾನು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ಆರೂವರೆಗೆ ನಡೆಯಲು ಶುರು ಮಾಡಿದೆ. ಮೊದಲ ದಿನ ಗೇಟಿನಿಂದ ಮೊದಲ ಕಲ್ಲು ಬೆಂಚು, ಅಷ್ಟೇ, ವಾಪಸ್. ವಾರಕ್ಕೊಂದು ಬೆಂಚು ಮುಂದೆ. ನಡೆದಷ್ಟೇ ದೂರ ವಾಪಸ್ಸೂ ನಡೆಯಬೇಕು ಅನ್ನೋದನ್ನು ಒಂದು ಸಲ ಮರೆತು ಆಟೋ ಹಿಡಿದಿದ್ದೂ ಉಂಟು. ಹನ್ನೊಂದನೇ ತಿಂಗಳಲ್ಲಿ ಮೂರು ಲೋಟ ಹಿಟ್ಟು ತಿರುವಿದೆ. ಗಂಟು ಇತ್ತು. ಎಲ್ಲರೂ ನುಂಗಿದರು, ಮುದ್ದೆಯನ್ನು ಹೇಗೂ ಅಗಿಯೋದಿಲ್ಲ ಅಲ್ವಾ.

ತಲೆ ಮಬ್ಬು ಮಾತ್ರ ನನಗೆ ಪೂರ್ತಿ ಹೋಗಿಲ್ಲ. ಮಗಳ ಭಾಗಾಕಾರದಲ್ಲಿ ದಶಕ ತೆಗೆದುಕೊಂಡಿದ್ದು ಎಲ್ಲಿಗೆ ಹೋಯಿತು ಅಂತ ನಾನೇ ಅವಳನ್ನು ಕೇಳುತ್ತೇನೆ. ಉಪಾಯ ಅಂದರೆ ಹೋಂವರ್ಕನ್ನು ಸಂಜೆ ಏಳರಿಂದ ಬೆಳಗ್ಗೆ ಆರಕ್ಕೆ ಬದಲಾಯಿಸಿದ್ದು, ಟಿವಿ ಆರಿಸೋದು, ಒಂದು ಸಲಕ್ಕೆ ಒಂದೇ ಕೆಲಸ, ಎಲ್ಲವನ್ನೂ ಬರೆದಿಡೋದು. ಎರಡನೇ ಆಸೆ ಅರ್ಧ ಈಡೇರಿದೆ ಅಂತ ಬರೆದುಕೊಂಡಿದ್ದೇನೆ.

ಮಂಡ್ಯ ಬಸ್ಸು ಮತ್ತು ಮೂತ್ರದ ಅವಸರ

ಮೂರನೇ ಆಸೆಗೆ ಅಡ್ಡ ಬಂದಿದ್ದು ಕಾಲಲ್ಲ, ಮೂತ್ರ. ತಡೆಯೋಕೆ ಆಗದ ಅವಸರ. ಮೈಸೂರಿನಿಂದ ಮಂಡ್ಯ ನಲವತ್ತೈದು ಕಿಲೋಮೀಟರ್ ಅಷ್ಟೇ, ಆದರೆ ಬಸ್ಸಿನಲ್ಲಿ ಕೂತರೆ ಅದೇ ಯೋಚನೆ. ನಮ್ಮವರೆಲ್ಲ ಮಾಡುವ ತಪ್ಪು ಅಂದರೆ ಹೊರಡುವ ಹಿಂದಿನ ದಿನದಿಂದಲೇ ನೀರು ಬಿಡೋದು. ಬಿಡಬೇಡಿ, ಮೂತ್ರ ಗಟ್ಟಿಯಾದಷ್ಟೂ ಅವಸರ ಜಾಸ್ತಿ, ಸೋಂಕೂ ಬೇಗ. ನೀರು ಮಾಮೂಲಿ ಕುಡಿಯಿರಿ, ಹೊರಡುವ ಎರಡು ಗಂಟೆ ಮುಂಚೆ ಕಾಫಿ ಟೀ ಬಿಡಿ, ಹೊರಡುವಾಗ ಒಮ್ಮೆ ಹೋಗಿ ಎರಡು ನಿಮಿಷ ಬಿಟ್ಟು ಮತ್ತೊಮ್ಮೆ ಹೋಗಿ. ಇದಕ್ಕೆ ಮಾತ್ರೆ ಇದೆ, ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ. ನಾನು ಎರಡು ವರ್ಷ ಹೇಳದೆ ಇದ್ದೆ. ಬಸ್ಸಿಗಿಂತ ರೈಲು ವಾಸಿ, ಶೌಚಾಲಯ ಇರುವ ಗಾಡಿ ನೋಡಿ ಹತ್ತಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಬಸ್ಸು ಪುಕ್ಕಟೆ, ನಿಜ, ಆದರೆ ಆ ನೂಕುನುಗ್ಗಲು ಮೊದಲ ವರ್ಷದವರಿಗೆ ಅಲ್ಲ. ದಸರಾ ಜಂಬೂಸವಾರಿಯೂ ಆ ವರ್ಷ ಟಿವಿಯಲ್ಲೇ.

ಮನಸ್ಸು, ಮುಟ್ಟು, ಕೆಲಸ

ಐದು ಆರನೇ ತಿಂಗಳಲ್ಲಿ, ಎಲ್ಲರೂ ಬಂದು ಹೋಗಿ ಮನೆ ಖಾಲಿ ಆದಮೇಲೆ, ಮನಸ್ಸು ಬೀಳುತ್ತದೆ. ಎಂಆರ್‌ಐಗೆ ಒಂದು ವಾರ ಇದೆ ಅನ್ನುವಾಗ ನಿದ್ದೆ ಇರೋದಿಲ್ಲ. ಎರಡು ವಾರ ಹೀಗೇ ಇದ್ದರೆ ಮನೋವೈದ್ಯರ ಹತ್ತಿರ ಹೋಗಿ, ಇಲ್ಲ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಹೆಣ್ಣುಮಕ್ಕಳಿಗೆ ಯಾರೂ ಬಾಯಿಬಿಟ್ಟು ಹೇಳದ ವಿಷಯ, ಕೀಮೋ ಆದಮೇಲೆ ಮುಟ್ಟು ನಿಲ್ಲಬಹುದು. ಕೆಲವರಿಗೆ ವಾಪಸ್ ಬರುತ್ತದೆ, ವಯಸ್ಸು ಜಾಸ್ತಿ ಇದ್ದಷ್ಟೂ ಬರೋದು ಕಡಿಮೆ. ಮಕ್ಕಳು ಬೇಕು ಅನ್ನುವವರು ಅಂಡಾಣು, ಗಂಡಸರಾದರೆ ವೀರ್ಯ, ಕಸಿಗೆ ಮುಂಚೆಯೇ ತೆಗೆದಿಡುವ ಮಾತಾಡಿ, ಆಮೇಲೆ ಕಾಲ ಮಿಂಚಿರುತ್ತದೆ. ಮುಟ್ಟು ನಿಂತಿದೆ ಅಂದ ಮಾತ್ರಕ್ಕೆ ಗರ್ಭ ನಿಲ್ಲೋದೇ ಇಲ್ಲ ಅಂತಲೂ ಅಂದುಕೊಳ್ಳಬೇಡಿ. ಬೇಗ ಮುಟ್ಟು ನಿಂತರೆ ಮೂಳೆ ಸವೆಯುತ್ತದೆ, ಮೂಳೆಯ ಸಾಂದ್ರತೆ ಪರೀಕ್ಷೆ ಮಾಡಿಸಿ. ಕಸಿ ಆದಮೇಲೆ ಕೆಲವರಿಗೆ ಥೈರಾಯ್ಡ್ ಮೇಲೆ ಹೊಸ ದಾಳಿ ಶುರುವಾಗುತ್ತದೆ, ವರ್ಷಕ್ಕೊಮ್ಮೆ ಥೈರಾಯ್ಡಿನ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ಸುಸ್ತನ್ನೆಲ್ಲ ಎಂಎಸ್ ತಲೆಗೇ ಕಟ್ಟಬೇಡಿ, ಥೈರಾಯ್ಡ್ ಆಗಿದ್ದರೆ ಒಂದು ಸಣ್ಣ ಮಾತ್ರೆಯಲ್ಲಿ ಸರಿಹೋಗುತ್ತದೆ.

ಕೆಲಸಕ್ಕೆ ಹೋಗುವವರಿಗೆ ಒಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರು ಇದೆ. ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಕಸಿ ಆಯಿತಲ್ಲ, ಇನ್ನು ಯಾಕೆ ಅಂತ ಕೇಳುವವರು ಇರುತ್ತಾರೆ. ಹಳೆಯ ಗಾಯ ಹಾಗೇ ಇದೆ ಅಂತ ಎಂಆರ್‌ಐ ಫಿಲಂ ತೋರಿಸಿ.

ಕೊನೆಗೆ ಲಸಿಕೆ

ಗದ್ದೆ ಉತ್ತಾಗ ಕಳೆ ಜೊತೆ ಒಳ್ಳೆಯ ಗಿಡವೂ ಹೋಗುತ್ತದಲ್ಲ, ಹಾಗೆ ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಲಸಿಕೆಗಳ ಕಾವಲು ಹೋಗಿಬಿಡಬಹುದು. ಆರು ತಿಂಗಳಿಂದ ಒಂದು ವರ್ಷದ ಒಳಗೆ ಮತ್ತೆ ಶುರು ಮಾಡುತ್ತಾರೆ. ದಡಾರ, ಸೀತಾಳೆ ಸಿಡುಬಿನ ಥರದ ಜೀವಂತ ಲಸಿಕೆಗಳನ್ನು ಎರಡು ವರ್ಷ ಆಗುವವರೆಗೆ ಹಾಕಿಸಿಕೊಳ್ಳುವ ಹಾಗಿಲ್ಲ. ಮನೆಯವರೆಲ್ಲ ಫ್ಲೂ ಲಸಿಕೆ ಹಾಕಿಸಿಕೊಳ್ಳಲಿ. ಮನೆಯಲ್ಲಿ ಪೋಲಿಯೋ ಹನಿ ಹಾಕಿಸುವ ವಯಸ್ಸಿನ ಮಗು ಇದ್ದರೆ ಮೊದಲೇ ಡಾಕ್ಟರನ್ನು ಕೇಳಿ, ಆ ಹನಿಯಲ್ಲಿ ಇರುವುದು ಜೀವಂತ ವೈರಸ್, ಮಗುವಿನ ಮಲದಲ್ಲಿ ಕೆಲವು ವಾರ ಬರುತ್ತದೆ. ನಮ್ಮ ತಮ್ಮನ ಮಗುವಿಗೆ ಹನಿ ಹಾಕಿಸಿದ ಮೇಲೆ ಅವರು ನಮ್ಮ ಮನೆಗೆ ಬರೋದನ್ನು ಮುಂದಕ್ಕೆ ಹಾಕಿದರು, ಡೈಪರ್ ಬದಲಾಯಿಸುವ ಕೆಲಸವಂತೂ ನನಗೆ ಇರಲೇ ಇಲ್ಲ.

ಲಸಿಕೆಗೆ ಹೋಗುವಾಗ ಕಸಿ ತಂಡದವರು ಬರೆದುಕೊಟ್ಟ ಪಟ್ಟಿ ಮರೆಯದೆ ಒಯ್ಯಿರಿ, ಇಲ್ಲದಿದ್ದರೆ ನಂಬೋದಿಲ್ಲ. ನಾನು ಬುಧವಾರ ಕೈಗೂಸುಗಳ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು ಒಳಗೆ ಹೋದೆ. ಸಿಸ್ಟರ್ ಸಿರಿಂಜ್ ತೆಗೆದು, ನನ್ನ ಹಿಂದೆ ಮುಂದೆ ನೋಡಿ, "ಮಗು ಎಲ್ಲಮ್ಮಾ?" ಅಂದರು. ನಾನೇ ಅಂದೆ. ಪಟ್ಟಿ ಓದಿ, ಒಳಗೆ ಹೋಗಿ ಕೇಳಿಕೊಂಡು ಬಂದು ಚುಚ್ಚಿದರು. ದೊಡ್ಡವರ ಕಾರ್ಡ್ ಅವರ ಹತ್ತಿರ ಇರಲಿಲ್ಲ. ಮುಂದಿನ ಡೋಸಿನ ತಾರೀಕನ್ನು ತಾಯಿ ಕಾರ್ಡಿನ ಒಂದು ಹಾಳೆಯಲ್ಲೇ ಬರೆದುಕೊಟ್ಟರು, ಮಗುವಿನ ಹೆಸರಿನ ಜಾಗದಲ್ಲಿ ನನ್ನ ಹೆಸರು, ತೂಕದ ಜಾಗದಲ್ಲಿ 54 ಕೆಜಿ.